ಹನ್ನೊಂದು ದಿನ, ಒಂದು ಲಕೋಟೆ: ಸಿಮೆನಾನ್ ದಾರಿಯಲ್ಲಿ ಪತ್ತೇದಾರಿ ಕಾದಂಬರಿ ಬರೆಯೋದು ಹೇಗೆ

ಪತ್ತೇದಾರಿ ಕಾದಂಬರಿ ಬರೆಯೋಕೆ ಕೂತವರು ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ ಜಾಗದಲ್ಲಿ. ಹೆಣ ಸಿದ್ಧ, ಕೊಲೆಗಾರ ಸಿದ್ಧ, ಸುಳಿವುಗಳೂ ಸಿದ್ಧ. ಆದರೂ ನಲವತ್ತನೇ ಪುಟದ ಹೊತ್ತಿಗೆ ಕಥೆಯಲ್ಲಿ ಉಸಿರೇ ಇರುವುದಿಲ್ಲ. ನನಗೂ ಎರಡು ಸಲ ಹಾಗೇ ಆಯಿತು. ಎರಡನೇ ಸಲವಂತೂ ಮೂರು ವರ್ಷ ಆ ಹಸ್ತಪ್ರತಿಯನ್ನು ಹೊತ್ತುಕೊಂಡು ತಿರುಗಿದೆ. ಭಾನುವಾರ ಎರಡು ಪುಟ, ದಸರಾ ರಜೆಯಲ್ಲಿ ನಾಲ್ಕು ಪುಟ, ಮಧ್ಯೆ ಎರಡು ತಿಂಗಳು ಏನೂ ಇಲ್ಲ, ಮತ್ತೆ ತೆಗೆದು ನೋಡಿದರೆ ಆ ಜನ ಯಾರು, ಯಾಕೆ ಹೀಗೆ ಮಾತಾಡುತ್ತಿದ್ದಾರೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಜಾರ್ಜ್ ಸಿಮೆನಾನ್ ಹೇಗೆ ಕೆಲಸ ಮಾಡುತ್ತಿದ್ದ ಅಂತ ಓದಿದೆ. ಬೆಲ್ಜಿಯಂನ ಲೀಯೇಜ್ ಊರಿನವನು, 1903ರಲ್ಲಿ ಹುಟ್ಟಿದವನು, ಬರೆದದ್ದು ಫ್ರೆಂಚ್‌ನಲ್ಲಿ. ಪ್ಯಾರಿಸ್ ಪೊಲೀಸ್ ಅಧಿಕಾರಿ ಮೇಗ್ರೆಯನ್ನು ಇಟ್ಟುಕೊಂಡು 1931ರಿಂದ 1972ರ ತನಕ 75 ಕಾದಂಬರಿ, 28 ಸಣ್ಣ ಕಥೆ ಬರೆದ. ಮೇಗ್ರೆ ಇಲ್ಲದ ಕಾದಂಬರಿಗಳೇ ನೂರಕ್ಕೂ ಜಾಸ್ತಿ ಇವೆ. ಹೆಚ್ಚಿನವಕ್ಕೆ ಹಿಡಿಯುತ್ತಿದ್ದದ್ದು ಹನ್ನೊಂದು ದಿನದ ಆಸುಪಾಸು. ಎಲ್ಲರೂ ಈ ವೇಗದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಬೆರಗು ಹುಟ್ಟಿಸಿದ್ದು ಆ ಹನ್ನೊಂದು ದಿನಕ್ಕೆ ಮುಂಚೆ ಆತ ಮಾಡಿಕೊಳ್ಳುತ್ತಿದ್ದ ತಯಾರಿ. ಪಾತ್ರದೊಳಗೆ ಒಮ್ಮೆ ಇಳಿದರೆ ಕೆಲಸ ಮುಗಿಯುವ ತನಕ ಹೊರಗೆ ಬರಬಾರದು, ಅದಕ್ಕೆ ಏನೇನು ಬೇಕೋ ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಳ್ಳಬೇಕು. ಆತನ ಎಲ್ಲ ಅಭ್ಯಾಸಗಳ ಬೇರು ಇದೇ.

ಈ ದಾರಿಯಲ್ಲಿ ನಾನು ಎರಡು ಕಿರುಕಾದಂಬರಿ ಮುಗಿಸಿದ್ದೇನೆ. ನೌಕರಿ ಇದೆ, ಮನೆ ಇದೆ, ಸಂಸಾರ ಇದೆ. ಆದರೂ ಆಗುತ್ತದೆ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಸರಕು ಎಲ್ಲಿದೆ ಅಂತ ನೋಡಿಕೊಳ್ಳಿ

ಸಿಮೆನಾನ್‌ನ ಅಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತ. ದುಡ್ಡು ಸಾಲದೆ ಅಮ್ಮ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಬಂದು ಉಳಿಯುತ್ತಿದ್ದವರಲ್ಲಿ ರಷ್ಯಾ, ಪೋಲೆಂಡ್ ಕಡೆಯ ವಿದ್ಯಾರ್ಥಿಗಳು ಇದ್ದರು. ಹುಡುಗ ಅವರ ಮಾತು ಕೇಳಿದ, ಅವರ ಜಗಳ ನೋಡಿದ, ಅವರಿಂದಲೇ ರಷ್ಯನ್ ಸಾಹಿತ್ಯದ ರುಚಿ ಹತ್ತಿಸಿಕೊಂಡ. ಗೊಗೊಲ್, ದಾಸ್ತೊಯೆವ್‌ಸ್ಕಿ, ಚೆಕಾಫ್ ಇವರೇ ಆತನ ನಿಜವಾದ ಗುರುಗಳು. ಇದನ್ನು ಗಮನಿಸಿ. ಮೇಗ್ರೆ ಕಥೆಗಳಲ್ಲಿ ಸುಳಿವುಗಳ ಲೆಕ್ಕಾಚಾರಕ್ಕಿಂತ ಸಣ್ಣ ಮನುಷ್ಯರ ಸಂಕಟ ಜಾಸ್ತಿ ಇದೆಯಲ್ಲ, ಅದು ಬಂದದ್ದು ಈ ಕಡೆಯಿಂದ.

ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟ. ಅಪ್ಪನ ಹೃದಯದ ಕಾಯಿಲೆ ಕಾರಣ. 1919ರಲ್ಲಿ ಊರಿನ ಪತ್ರಿಕೆಯೊಂದಕ್ಕೆ ವರದಿಗಾರನಾಗಿ ಸೇರಿದ. ಪೊಲೀಸ್ ಠಾಣೆ, ಕೋರ್ಟು, ಅಪಘಾತ, ಶವಯಾತ್ರೆ, ಎಲ್ಲ ಕಡೆ ಓಡಾಟ. 1922ರ ಕೊನೆಗೆ ಪ್ಯಾರಿಸ್‌ಗೆ ಹೋದ. ಅಲ್ಲಿ ಸುಮಾರು ಹತ್ತು ವರ್ಷ ಬೇರೆ ಬೇರೆ ಹೆಸರಿನಲ್ಲಿ ಅಗ್ಗದ ಕಾದಂಬರಿಗಳನ್ನು ಬರೆದ, ಹೆಚ್ಚುಕಡಿಮೆ ಇನ್ನೂರು. ತನ್ನ ಸ್ವಂತ ಹೆಸರನ್ನು ಪುಸ್ತಕದ ಮೇಲೆ ಹಾಕಿಕೊಳ್ಳುವ ಮುಂಚೆ ಇಷ್ಟೊಂದು ಕೈ ಪಳಗಿಸಿಕೊಂಡಿದ್ದ. ನಮ್ಮಲ್ಲಿ ಎನ್. ನರಸಿಂಹಯ್ಯ ಅವರು ಪತ್ತೇದಾರ ಪುರುಷೋತ್ತಮನನ್ನು ಕಟ್ಟಿ, ನೂರಾರು ಕಾದಂಬರಿ ಬರೆದು, ಬಾಡಿಗೆ ಲೈಬ್ರರಿಗಳ ಮುಂದೆ ಜನ ಕಾಯುವಂತೆ ಮಾಡಿದ್ದು ಕೂಡ ಇಂಥದ್ದೇ ದುಡಿಮೆಯಿಂದ. ನಮ್ಮ ಅಪ್ಪ ಆ ಪುಸ್ತಕಗಳನ್ನು ಅಂಗಿಯೊಳಗೆ ಮಡಚಿಟ್ಟುಕೊಂಡು ತರುತ್ತಿದ್ದರು.

ನೀವು ಮಾಡಬೇಕಾದ್ದು ಇಷ್ಟು. ಒಂದು ಹಾಳೆ ತಗೊಂಡು ಮೂರು ವಿಷಯ ಬರೆಯಿರಿ. ನೀವು ಚಿಕ್ಕವರಿದ್ದಾಗ ಮನೆಗೆ ಬಂದುಹೋಗುತ್ತಿದ್ದ ಹೊರಗಿನವರು ಯಾರು? ಯಾವ ಕಸುಬನ್ನು ನೀವು ಹತ್ತಿರದಿಂದ ನೋಡಿದ್ದೀರಿ, ಅಂದರೆ ಅದರಲ್ಲಿ ಮೋಸ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರುವಷ್ಟು ಹತ್ತಿರದಿಂದ? ಯಾವ ಬೀದಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆಯಬಲ್ಲಿರಿ? ನನ್ನ ಉತ್ತರ ತಿಪಟೂರು. ಅಪ್ಪ ಅಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಲಂಡನ್ನಿನ ಮಂಜು, ನ್ಯೂಯಾರ್ಕಿನ ಓಣಿ ನನಗೆ ಬೇಕಾಗಿಲ್ಲ, ಅವು ನನಗೆ ಗೊತ್ತೂ ಇಲ್ಲ.

ಎರಡನೇ ಹೆಜ್ಜೆ: ಕೊಲೆಯಿಂದ ಅಲ್ಲ, ಒಂದು ವಾಸನೆಯಿಂದ ಶುರು ಮಾಡಿ

1955ರಲ್ಲಿ ಪ್ಯಾರಿಸ್ ರಿವ್ಯೂ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಸಿಮೆನಾನ್ ತನ್ನ ಪದ್ಧತಿಯನ್ನು ಬಹಳ ಬಿಚ್ಚಿ ಹೇಳಿದ್ದಾನೆ. ಬರೆಯೋಕೆ ಎರಡು ದಿನ ಮುಂಚೆ ಮೊದಲು ಆತ ಹುಡುಕುತ್ತಿದ್ದದ್ದು ಒಂದು ವಾತಾವರಣ. ಇವತ್ತು ಸ್ವಲ್ಪ ಬಿಸಿಲಿದೆ, ಇದು ಯಾವುದೋ ಹಳೆಯ ವಸಂತವನ್ನು ನೆನಪಿಸುತ್ತದೆ, ಆ ವಸಂತ ಯಾವುದೋ ಊರನ್ನು, ಆ ಊರು ಅಲ್ಲಿದ್ದ ಕೆಲವು ಜನರನ್ನು. ಹೀಗೆ ಒಂದು ಸಣ್ಣ ಲೋಕ ಮೂಡುತ್ತದೆ. ಆ ಲೋಕದೊಳಗೆ ಒಬ್ಬ ಮನುಷ್ಯ. ಆಮೇಲೆ ಕಥೆ.

ಮೇಲ್ನೋಟಕ್ಕೆ ಕವಿಗಳ ಮಾತಿನ ಹಾಗೆ ಕೇಳಿಸಬಹುದು. ಆದರೆ ಇದರಲ್ಲಿ ಗಟ್ಟಿಯಾದ ಕೆಲಸದ ಲಾಭ ಇದೆ. ಮೊದಲು ಕೊಲೆ ಇಟ್ಟುಕೊಂಡರೆ ಆ ಕೊಲೆಗೆ ಬೇಕಾದಂತೆ ಜನರನ್ನು ಕೆತ್ತುತ್ತೇವೆ, ಅವರು ಚದುರಂಗದ ಕಾಯಿಗಳಾಗುತ್ತಾರೆ. ಮೊದಲು ವಾಸನೆ ಸಿಕ್ಕರೆ ಜಾಗ ಸಿಗುತ್ತದೆ, ಜಾಗ ಸಿಕ್ಕರೆ ಅಲ್ಲಿ ಬದುಕುವವರು ತಾವಾಗಿ ಬರುತ್ತಾರೆ.

ನನಗೆ ಸಿಕ್ಕಿದ್ದು ಅಟ್ಟದ ಕೊಬ್ಬರಿಯ ವಾಸನೆ. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ, ಹತ್ತು ಹನ್ನೊಂದು ತಿಂಗಳೂ ಆಗುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ಗಿಟುಕು ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಆ ಸದ್ದು ಬಂದರೆ ಕೊಬ್ಬರಿ ಆಯಿತು ಅಂತ. ಅಟ್ಟದ ಮೇಲೆ ಧೂಳು, ಸಿಹಿ ಎಣ್ಣೆ, ಇಲಿ, ಒಣಗಿದ ನಾರು, ಎಲ್ಲ ಸೇರಿದ ಒಂದು ವಾಸನೆ. ಒಂದು ವರ್ಷ ಕತ್ತಲಲ್ಲಿ ಸುಮ್ಮನೆ ಒಣಗುತ್ತಾ ಕೂತ ಕಾಯಿಯ ಹಾಗೆ ಒಬ್ಬ ಮನುಷ್ಯ ಇದ್ದರೆ? ನನ್ನ ಕಾದಂಬರಿ ಶುರುವಾದದ್ದು ಇಲ್ಲಿ. ಆಗ ಕೊಲೆ ಇನ್ನೂ ಇರಲಿಲ್ಲ.

ನೀವೂ ಹೀಗೆ ಒಂದು ವಾರ ಹುಡುಕಿ. ಮಳೆ ಬಿದ್ದ ಬಸ್‌ಸ್ಟ್ಯಾಂಡು, ಆಸ್ಪತ್ರೆಯ ಫಿನಾಯಿಲು, ಹೊಲಿಗೆ ಅಂಗಡಿಯ ಇಸ್ತ್ರಿ ಪೆಟ್ಟಿಗೆ, ಏನು ಬೇಕಾದರೂ ಆಗಬಹುದು. ಆದರೆ ಆ ವಾಸನೆ ನಿಮ್ಮ ಮೂಗಿಗೆ ನಿಜವಾಗಿಯೂ ತಾಗಿರಬೇಕು.

ಮೂರನೇ ಹೆಜ್ಜೆ: ಲಕೋಟೆ ತುಂಬಿಸಿ

ಇದು ಸಿಮೆನಾನ್‌ನ ಅತ್ಯಂತ ಪ್ರಸಿದ್ಧ ಅಭ್ಯಾಸ. ದೊಡ್ಡ ಹಳದಿ ಲಕೋಟೆಯೊಂದರ ಮೇಲೆ ಪಾತ್ರಗಳ ಹೆಸರು, ವಯಸ್ಸು, ಮನೆಯವರು, ವಿಳಾಸ ಇವಿಷ್ಟನ್ನು ಬರೆದುಕೊಳ್ಳುತ್ತಿದ್ದ. ಹೆಸರುಗಳಿಗೆ ಟೆಲಿಫೋನ್ ಡೈರೆಕ್ಟರಿ ತಿರುವುತ್ತಿದ್ದ. ಘಟನೆ ನಡೆಯುವ ಊರಿನ ನಕ್ಷೆ ಹತ್ತಿರ ಇರುತ್ತಿತ್ತು, ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಕಣ್ಣಿಗೆ ಕಾಣಬೇಕು ಅಂತ. ಮುಂದೇನಾಗುತ್ತದೆ ಅನ್ನುವುದು ಲಕೋಟೆಯ ಮೇಲೆ ಇರುತ್ತಿರಲಿಲ್ಲ. ಅದು ಆತನಿಗೂ ಗೊತ್ತಿರುತ್ತಿರಲಿಲ್ಲ.

ಲಕೋಟೆಯೇ ಯಾಕೆ ಅಂತ ನಾನೂ ಯೋಚಿಸಿದೆ. ಜಾಗ ಕಮ್ಮಿ, ಅದೇ ಅದರ ಒಳ್ಳೆಯ ಗುಣ. ಲ್ಯಾಪ್‌ಟಾಪ್‌ನಲ್ಲಿ ಪಾತ್ರದ ಬಗ್ಗೆ ಬರೆಯೋಕೆ ಕೂತರೆ ಇಪ್ಪತ್ತು ಪುಟ ಆಗುತ್ತದೆ, ಕಾದಂಬರಿ ಬರೆದಷ್ಟೇ ಖುಷಿಯೂ ಆಗುತ್ತದೆ, ಕಾದಂಬರಿ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಲಕೋಟೆ ಒಂದು ಕಡೆ ತುಂಬಿದರೆ ಮುಗಿಯಿತು.

ನನ್ನದನ್ನೇ ತೋರಿಸುತ್ತೇನೆ. ಯಾವುದೋ ಮದುವೆ ಕರೆಯೋಲೆ ಬಂದ ಉದ್ದನೆಯ ಲಕೋಟೆ, ಒಂದು ಮೂಲೆಯಲ್ಲಿ ಇನ್ನೂ ಅರಿಶಿನದ ಗುರುತು ಇದೆ. ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದು ಇಷ್ಟು:

ಬಸವಲಿಂಗಯ್ಯ, 56. ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ, 31 ವರ್ಷದಿಂದ. ಎಡಗಿವಿ ಮಂದ. ಹಾಸನ ರಸ್ತೆ ಹಿಂದಿನ ಬೀದಿ, ಹೆಂಚಿನ ಮನೆ, ಬಾಡಿಗೆ.
ಹೆಂಡತಿ ಗೌರಮ್ಮ, 49. ಸಕ್ಕರೆ ಕಾಯಿಲೆ. ಗಂಡನ ಸಂಬಳ ಎಷ್ಟು ಅಂತ ಸರಿಯಾಗಿ ಗೊತ್ತಿಲ್ಲ.
ಮಗಳು ಲತಾ, 27. ತುಮಕೂರಿನಲ್ಲಿ ನರ್ಸ್. ಮದುವೆ ಗೊತ್ತಾಗಿದೆ.
ತಮ್ಮ ಶಿವಣ್ಣ, 51. ಊರಲ್ಲಿ ತೋಟ. ಇದೇ ಮಂಡಿಗೆ ಕೊಬ್ಬರಿ ಹಾಕುತ್ತಾನೆ. ಅಣ್ಣನ ಜೊತೆ 1998ರಿಂದ ಮಾತಿಲ್ಲ, ಬಾವಿ ವಿಷಯ.
ಮಂಡಿ ಯಜಮಾನ ಮಹೇಶ, 38. ಅಪ್ಪ ಹೋದ ಮೇಲೆ ಗಾದಿಗೆ ಬಂದವನು. ಹಳೆಯ ಲೆಕ್ಕಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿಸುತ್ತಿದ್ದಾನೆ.

ಐದು ಜನ. ಇನ್ನೂ ಯಾರೂ ಸತ್ತಿಲ್ಲ. ಆದರೆ ಓದುವಾಗಲೇ ಎಲ್ಲೋ ಏನೋ ಎಳೆಯುತ್ತದೆ, ಅಲ್ವಾ? ಹಾಗೆ ಎಳೆಯದಿದ್ದರೆ ಲಕೋಟೆ ಇನ್ನೂ ಸಿದ್ಧವಾಗಿಲ್ಲ.

ಹೆಸರಿಗೆ ನಮಗೆ ಟೆಲಿಫೋನ್ ಡೈರೆಕ್ಟರಿ ಈಗ ಸಿಗುವುದಿಲ್ಲ. ನಾನು ಹಳೆಯ ಲಗ್ನಪತ್ರಿಕೆಗಳನ್ನು ನೋಡುತ್ತೇನೆ. ಅಜ್ಜ ಅಜ್ಜಿಯಿಂದ ಹಿಡಿದು ಬಂಧುಗಳ ತನಕ ಹೆಸರು ಇರುತ್ತವೆ, ಯಾವ ತಲೆಮಾರಿಗೆ ಯಾವ ಹೆಸರು ಅನ್ನುವುದು ತಪ್ಪುವುದಿಲ್ಲ. ಒಂದರ ಹೆಸರು, ಇನ್ನೊಂದರ ಇನಿಷಿಯಲ್ ಹೀಗೆ ಬೆರೆಸಿಕೊಳ್ಳಿ, ನಿಜವಾದ ಯಾರನ್ನೂ ಹಾಗೇ ಎತ್ತಿ ಇಡಬೇಡಿ. ಎರಡು ಪಾತ್ರಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗದಂತೆಯೂ ನೋಡಿಕೊಳ್ಳಿ.

ನಾಲ್ಕನೇ ಹೆಜ್ಜೆ: ಆ ಒಂದು ಪ್ರಶ್ನೆ ಕೇಳಿ

ಲಕೋಟೆ ತುಂಬಿದ ಮೇಲೆ ಸಿಮೆನಾನ್ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ. ಇಂಥ ಮನುಷ್ಯ, ಇಂಥ ಹೆಂಗಸು, ಇಂಥ ಜಾಗ. ಇವರು ತಮ್ಮ ಕೊನೆಯ ಎಲ್ಲೆಗೆ ಹೋಗಲೇಬೇಕಾದರೆ ಏನು ನಡೆಯಬೇಕು? ಇದು ಹೆಚ್ಚುಕಡಿಮೆ ರೇಖಾಗಣಿತದ ಲೆಕ್ಕ ಅಂತ ಆತನೇ ಹೇಳಿದ್ದಾನೆ. ಕೆಲವು ಸಲ ಅದು ತುಂಬ ಸಣ್ಣ ಘಟನೆ ಆಗಿರುತ್ತದೆ, ಆದರೆ ಅದಾದ ಮೇಲೆ ಆ ಮನುಷ್ಯ ಮೊದಲಿನ ಹಾಗೆ ಬದುಕೋಕೆ ಆಗುವುದಿಲ್ಲ.

ಬಸವಲಿಂಗಯ್ಯನಿಗೆ ನಾನು ಈ ಪ್ರಶ್ನೆ ಕೇಳಿದೆ. ಅವನನ್ನು ಅಲ್ಲಾಡಿಸುವುದು ದುಡ್ಡಲ್ಲ. ಮೂವತ್ತೊಂದು ವರ್ಷ ತಾನು ಬರೆದ ಲೆಕ್ಕವನ್ನು ಯಾರೋ ಹುಡುಗರು ಸಾಲು ಸಾಲಾಗಿ ಮತ್ತೆ ಓದುತ್ತಿದ್ದಾರೆ ಅನ್ನುವುದು. ಒಂದು ದಿನ ಬೆಳಿಗ್ಗೆ ಮಹೇಶ ಗೋಡೌನಿನಲ್ಲಿ ಚೀಲಗಳ ಮಧ್ಯೆ ಸತ್ತು ಬಿದ್ದಿರುತ್ತಾನೆ. ಇಷ್ಟು ಸಾಕು, ಮೊದಲ ಅಧ್ಯಾಯ ಬಂತು.

ಇಲ್ಲಿ ಒಂದು ಮಾತು. ಮೇಗ್ರೆ ಕಾದಂಬರಿಗಳನ್ನು ಮೊದಲ ಸಲ ಕೊಟ್ಟಾಗ ಪ್ರಕಾಶಕ ಫಯಾರ್‌ಗೆ ಅವು ಹಿಡಿಸಲಿಲ್ಲ ಅಂತ ಸಿಮೆನಾನ್ ಹೇಳಿಕೊಂಡಿದ್ದಾನೆ. ಸರಿಯಾದ ಒಗಟಿಲ್ಲ, ಪ್ರೇಮವಿಲ್ಲ, ಪೂರ್ತಿ ಒಳ್ಳೆಯವರೂ ಇಲ್ಲ ಪೂರ್ತಿ ಕೆಟ್ಟವರೂ ಇಲ್ಲ, ಸುಖಾಂತವಂತೂ ಇಲ್ಲವೇ ಇಲ್ಲ, ಇದನ್ನು ಯಾರು ಓದುತ್ತಾರೆ ಅಂತ. ಆ ಆಕ್ಷೇಪಣೆಯ ಪಟ್ಟಿಯನ್ನೇ ನಾನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಒಗಟು ಬಿಡಿಸಿದ ಮೇಲೆ ಮತ್ತೆ ಓದೋಕೆ ಏನೂ ಉಳಿಯದ ಪುಸ್ತಕಗಳೇ ಜಾಸ್ತಿ. ಮೇಗ್ರೆಯನ್ನು ಕೊಲೆಗಾರ ಗೊತ್ತಿದ್ದರೂ ಮತ್ತೆ ಓದಬಹುದು. ತೀರ್ಪು ಕೊಡಬೇಡ, ಅರ್ಥಮಾಡಿಕೋ ಅನ್ನುವುದೇ ಸಿಮೆನಾನ್ ಇಟ್ಟುಕೊಂಡಿದ್ದ ಧ್ಯೇಯವಾಕ್ಯ. ಮೇಗ್ರೆ ಕೆಲಸ ಮಾಡುವುದೂ ಹಾಗೆಯೇ. ಸತ್ತವನ ಮನೆಗೆ ಹೋಗುತ್ತಾನೆ, ಅಡುಗೆಮನೆಯಲ್ಲಿ ಕೂರುತ್ತಾನೆ, ಎದುರಿನ ಅಂಗಡಿಯಲ್ಲಿ ಕುಡಿಯುತ್ತಾನೆ, ಆ ಮನೆಯ ಗಾಳಿ ಮೈಗೆ ಹತ್ತುವ ತನಕ ಕಾಯುತ್ತಾನೆ.

ಐದನೇ ಹೆಜ್ಜೆ: ಹನ್ನೊಂದು ದಿನಗಳನ್ನು ಖಾಲಿ ಮಾಡಿ

ಬರೆಯೋಕೆ ಮುಂಚೆ ಸಿಮೆನಾನ್ ಹನ್ನೊಂದು ದಿನ ಯಾರನ್ನೂ ಭೇಟಿಯಾಗುವುದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದ. ಆಮೇಲೆ ಡಾಕ್ಟರನ್ನು ಕರೆಸಿ ರಕ್ತದೊತ್ತಡ, ಎಲ್ಲ ನೋಡಿಸಿಕೊಳ್ಳುತ್ತಿದ್ದ. ಮನೆಯವರನ್ನೂ ನೋಡಿಸುತ್ತಿದ್ದ ಅನ್ನುತ್ತಾರೆ, ಮಧ್ಯದಲ್ಲಿ ಮಕ್ಕಳಿಗೆ ಜ್ವರ ಬಂದರೆ ಕಾದಂಬರಿ ಹೋಯಿತು ಅಂತ. ಯಾಕೆಂದರೆ ನಲವತ್ತೆಂಟು ಗಂಟೆ ಕೆಲಸ ನಿಂತರೆ ಬರೆದದ್ದನ್ನು ಎಸೆದುಬಿಡುತ್ತಿದ್ದ. ಆ ಕಾದಂಬರಿಗೆ ಮತ್ತೆ ಎಂದೂ ಹೋಗುತ್ತಿರಲಿಲ್ಲ.

ಅತಿಯಾಯಿತು ಅನಿಸುತ್ತದೆ. ಆದರೆ ನನ್ನ ಆ ಮೂರು ವರ್ಷದ ಹಸ್ತಪ್ರತಿ ನೆನೆಸಿಕೊಂಡಾಗ ಈ ನಿಯಮದ ಅರ್ಥ ಆಯಿತು. ನಾನೂ ಅದನ್ನು ಮೊದಲ ತಿಂಗಳಲ್ಲೇ ಎಸೆಯಬೇಕಾಗಿತ್ತು.

ಇನ್ನು ಈ ಅಭ್ಯಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ. ಆ ಹನ್ನೊಂದು ದಿನಗಳ ಮನೆಯನ್ನು ನಡೆಸುತ್ತಿದ್ದವರು ಬೇರೆಯವರು. ಮೊದಲ ಹೆಂಡತಿ ತಿಜಿ ಸ್ವತಃ ಚಿತ್ರಕಲಾವಿದೆ. ಬೂಲ್ ಅಂತ ಕರೆಯುತ್ತಿದ್ದ ಅಡುಗೆಯವಳು ದಶಕಗಳ ಕಾಲ ಆ ಮನೆ ನೋಡಿಕೊಂಡಳು. ಎರಡನೇ ಹೆಂಡತಿ ಡೆನೀಸ್ ಕರಾರು, ಪತ್ರವ್ಯವಹಾರ ಎಲ್ಲ ನೋಡುತ್ತಿದ್ದಳು. ಬಾಗಿಲಿಗೆ "ತೊಂದರೆ ಕೊಡಬೇಡಿ" ಅನ್ನುವ ಹೋಟೆಲ್ ಫಲಕ ತೂಗುಹಾಕಿ ಒಳಗೆ ಕೂತವನ ಹೆಸರು ಪುಸ್ತಕದ ಮೇಲೆ ಬಂತು. ಹಾಗಾಗಿ ನೀವು ಹನ್ನೊಂದು ದಿನ ಕೇಳುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ, ಆ ದಿನಗಳ ಹಾಲು, ಸ್ಕೂಲು, ಔಷಧಿ ಯಾರ ಪಾಲು ಅಂತ ತೀರ್ಮಾನ ಮಾಡಿ, ನೀವು ಅದನ್ನು ಯಾವಾಗ ತೀರಿಸುತ್ತೀರಿ ಅಂತಲೂ ಹೇಳಿ. ನಾನು ಬರೆಯುವ ಹನ್ನೊಂದು ದಿನ ನನ್ನ ಹೆಂಡತಿ ಬೆಳಗಿನ ಮನೆ ನೋಡುತ್ತಾಳೆ, ಮುಂದಿನ ಒಂದು ತಿಂಗಳು ಬೆಳಗಿನ ಅಡುಗೆ ನನ್ನದು.

ನೌಕರಿ ಇರುವವರು ಪೂರ್ತಿ ರಜೆ ಹಾಕಬೇಕಾಗಿಲ್ಲ. ಸಿಮೆನಾನ್ ಕೂಡ ಇಡೀ ದಿನ ಬರೆಯುತ್ತಿರಲಿಲ್ಲ, ಬೆಳಗಿನ ಎರಡು ಮೂರು ಗಂಟೆ ಅಷ್ಟೇ. ನನ್ನ ಹೊತ್ತು ನಾಲ್ಕೂವರೆಯಿಂದ ಏಳರ ತನಕ. ಮುಖ್ಯವಾದದ್ದು ಉಳಿದ ಹೊತ್ತನ್ನು ಕಾಯುವುದು. ಮದುವೆ, ಗೃಹಪ್ರವೇಶ, ಊರಿನ ಜಾತ್ರೆ ಇಲ್ಲದ ಹನ್ನೊಂದು ದಿನ ಆರಿಸಿ. ಆಷಾಢ ಅದಕ್ಕೆ ಬಹಳ ಒಳ್ಳೆಯ ತಿಂಗಳು.

ಆರನೇ ಹೆಜ್ಜೆ: ದಿನಕ್ಕೊಂದು ಅಧ್ಯಾಯ

ಹಿಂದಿನ ರಾತ್ರಿಯೇ ಮೇಜು ಸಿದ್ಧ ಮಾಡಿ. ಸಿಮೆನಾನ್ ಡಜನ್‌ಗಟ್ಟಲೆ ಪೆನ್ಸಿಲ್ ಚೂಪು ಮಾಡಿ ಸಾಲಾಗಿ ಇಡುತ್ತಿದ್ದ, ಪೈಪ್‌ಗಳಿಗೆ ಹೊಗೆಸೊಪ್ಪು ತುಂಬಿ ಇಡುತ್ತಿದ್ದ, ಮಧ್ಯದಲ್ಲಿ ಏಳೋಕೆ ಒಂದು ನೆಪವೂ ಉಳಿಯದ ಹಾಗೆ. ನಿಮಗೆ ಪೈಪ್ ಬೇಕಿಲ್ಲ. ಫ್ಲಾಸ್ಕಿನಲ್ಲಿ ಕಾಫಿ, ಲಕೋಟೆ, ನಕ್ಷೆ, ಬರೆಯುವ ಸಾಧನ ಸಾಕು. ಫೋನ್ ಬೇರೆ ಕೋಣೆಯಲ್ಲಿ ಇರಲಿ.

ಮೊದಲ ದಿನಕ್ಕೆ ಮೊದಲ ಅಧ್ಯಾಯ ಮಾತ್ರ ಗೊತ್ತಿದ್ದರೆ ಸಾಕು. ಎರಡನೆಯದು ಮೊದಲನೆಯದರಿಂದ ಹುಟ್ಟುತ್ತದೆ. ಕನ್ನಡದಲ್ಲಿ ದಿನಕ್ಕೆ ಸುಮಾರು 2000 ಪದ ಬರೆದರೆ ಹತ್ತು ದಿನಕ್ಕೆ 20,000 ಆಯಿತು, ಒಂದು ಕಿರುಕಾದಂಬರಿಗೆ ಸರಿಯಾದ ಅಳತೆ. ನಿನ್ನೆ ಬರೆದದ್ದನ್ನು ತಿದ್ದಬೇಡಿ. ಕೊನೆಯ ಅರ್ಧ ಪುಟ ಓದಿಕೊಂಡು ಮುಂದೆ ಹೋಗಿ. ಹೆಸರು ಮರೆತರೆ ಲಕೋಟೆ ನೋಡಿ. ಗೊತ್ತಿಲ್ಲದ ವಿಷಯ ಬಂದರೆ ಒಂದು ಗೆರೆ ಎಳೆದು ಬಿಟ್ಟುಬಿಡಿ, ಇಂಟರ್ನೆಟ್‌ಗೆ ಹೋಗಬೇಡಿ. ಹೋದರೆ ಆ ಬೆಳಿಗ್ಗೆ ಮುಗಿಯಿತು ಅಂತಲೇ ಲೆಕ್ಕ.

ಅಂದಹಾಗೆ, ಸಿಮೆನಾನ್ ಗಾಜಿನ ಪಂಜರದೊಳಗೆ ಜನರೆದುರು ಕೂತು ಕಾದಂಬರಿ ಬರೆದ ಅನ್ನುವ ಕಥೆ ನಿಮಗೆ ಎಲ್ಲಾದರೂ ಸಿಗಬಹುದು. 1927ರಲ್ಲಿ ಅಂಥ ಒಂದು ಯೋಜನೆ ಇದ್ದದ್ದು ನಿಜ, ಅದಕ್ಕೆ ಕರಾರೂ ಆಗಿತ್ತು, ಆದರೆ ನಡೆಯಲೇ ಇಲ್ಲ. ಆದರೂ ನಾನು ಕಣ್ಣಾರೆ ನೋಡಿದೆ ಅಂತ ಹೇಳಿದವರು ಇದ್ದರು. ಒಬ್ಬ ಸಾಕ್ಷಿ ಎಷ್ಟು ಪ್ರಾಮಾಣಿಕವಾಗಿ ಸುಳ್ಳು ಹೇಳಬಲ್ಲ ಅನ್ನುವುದಕ್ಕೆ ಪತ್ತೇದಾರಿ ಬರಹಗಾರರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಏಳನೇ ಹೆಜ್ಜೆ: ಐದನೇ ದಿನವನ್ನು ದಾಟಿ

ಐದನೇ ಆರನೇ ದಿನದ ಹೊತ್ತಿಗೆ ಇದು ತಡೆಯಲಾಗದ ಹಾಗೆ ಆಗುತ್ತದೆ ಅಂತ ಸಿಮೆನಾನ್ ಹೇಳಿದ್ದಾನೆ. ಇಡೀ ದಿನ ಆತ ಆ ಪಾತ್ರವೇ ಆಗಿರುತ್ತಿದ್ದ, ಅದಕ್ಕೇ ತನ್ನ ಕಾದಂಬರಿಗಳು ಚಿಕ್ಕವು, ಹನ್ನೊಂದು ದಿನಕ್ಕಿಂತ ಜಾಸ್ತಿ ಇದನ್ನು ಹೊರೋಕೆ ಮೈಯಲ್ಲಿ ಆಗುವುದಿಲ್ಲ ಅಂತ.

ನನಗೆ ಐದನೇ ದಿನ ಆದದ್ದು ಹೇಳುತ್ತೇನೆ. ಆಫೀಸಿನಲ್ಲಿ ಯಾರೋ ನನ್ನ ಎಡಗಡೆ ನಿಂತು ಮಾತಾಡಿಸಿದರು, ನಾನು ತಲೆ ಪೂರ್ತಿ ತಿರುಗಿಸಿ ಬಲಗಿವಿ ಕೊಟ್ಟೆ. ನನ್ನ ಕಿವಿ ಎರಡೂ ಚೆನ್ನಾಗಿವೆ. ಎಡಗಿವಿ ಮಂದ ಇರುವುದು ಬಸವಲಿಂಗಯ್ಯನಿಗೆ. ಅವತ್ತು ಸಂಜೆ ಊಟ ಸೇರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಪೊಲೀಸಿನವರು ಕೇಳುವ ಪ್ರಶ್ನೆಗೆ ಅವನು ಏನು ಹೇಳುತ್ತಾನೆ ಅಂತ ಯೋಚಿಸಬೇಕಾಗಿಯೇ ಬರಲಿಲ್ಲ, ಅವನೇ ಹೇಳಿದ.

ಈ ಭಾರ ಸಹಜ. ಸಂಜೆ ಒಂದು ಗಂಟೆ ಸುಮ್ನೆ ನಡೆಯಿರಿ, ಯಾರ ಹತ್ತಿರವೂ ಕಥೆ ಹೇಳಬೇಡಿ. ಹೇಳಿದ ಕಥೆಯನ್ನು ಮತ್ತೆ ಬರೆಯೋಕೆ ಮನಸ್ಸು ಬರುವುದಿಲ್ಲ. ನಿದ್ದೆ ಕೆಟ್ಟರೆ, ಎದೆ ಹೊಡೆದುಕೊಂಡರೆ ನಿಲ್ಲಿಸಿ. ಸಿಮೆನಾನ್ ಡಾಕ್ಟರನ್ನು ಕರೆಸುತ್ತಿದ್ದದ್ದು ಬರೀ ಶಾಸ್ತ್ರಕ್ಕಲ್ಲ.

ಎಂಟನೇ ಹೆಜ್ಜೆ: ಚೆಂದದ ವಾಕ್ಯಗಳನ್ನು ಕತ್ತರಿಸಿ

ಪ್ಯಾರಿಸ್‌ಗೆ ಬಂದ ಹೊಸದರಲ್ಲಿ ಸಿಮೆನಾನ್ ಒಂದು ದಿನಪತ್ರಿಕೆಗೆ ಕಥೆಗಳನ್ನು ಕೊಡುತ್ತಿದ್ದ. ಅಲ್ಲಿನ ಸಾಹಿತ್ಯ ಸಂಪಾದಕಿ ಕಾದಂಬರಿಗಾರ್ತಿ ಕೊಲೆಟ್. ಆಕೆ ವಾಪಸ್ ಕೊಟ್ಟು ಹೇಳಿದ ಮಾತು, ಇದು ಸಾಹಿತ್ಯ ಆಯಿತು, ಸಾಹಿತ್ಯ ತೆಗೆದುಬಿಡು ಅಂತ. ತನಗೆ ಸಿಕ್ಕ ಅತ್ಯಂತ ಉಪಯೋಗದ ಸಲಹೆ ಇದೇ ಅಂತ ಸಿಮೆನಾನ್ ಜೀವನವಿಡೀ ಹೇಳಿದ. ತಿದ್ದುವಾಗ ಕಥೆಯನ್ನು ಆತ ಮುಟ್ಟುತ್ತಿರಲಿಲ್ಲ. ವಿಶೇಷಣ, ಕ್ರಿಯಾವಿಶೇಷಣ, ಬರೀ ಪರಿಣಾಮಕ್ಕೆ ಅಂತ ಇಟ್ಟ ಪದ, ಬರೀ ವಾಕ್ಯಕ್ಕೋಸ್ಕರ ಇರುವ ವಾಕ್ಯ, ಇವೆಲ್ಲ ಹೋಗುತ್ತಿದ್ದವು. ಚೆಂದದ ವಾಕ್ಯ ಕಂಡರೆ ಅದನ್ನೇ ಮೊದಲು ಕತ್ತರಿಸು ಅನ್ನುತ್ತಿದ್ದ. ಆತನಿಗೆ ಬೇಕಾಗಿದ್ದದ್ದು ಮೇಜು, ಮಳೆ, ಬ್ರೆಡ್ಡು ಹೀಗೆ ಕೈಗೆ ಸಿಗುವ ಪದಗಳು.

ಕನ್ನಡದಲ್ಲಿ ಇದು ಇನ್ನೂ ಜಾಸ್ತಿ ಬೇಕು. ನಾವು ಬರೆಯೋಕೆ ಕೂತ ಕೂಡಲೇ ಗಾಢಾಂಧಕಾರ, ರಕ್ತಸಿಕ್ತ, ನಿಗೂಢ ಅಂತ ಶುರು ಮಾಡುತ್ತೇವೆ. ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: "ನಿಗೂಢ ನಿಶ್ಶಬ್ದ ಆವರಿಸಿದ್ದ ಆ ಗೋಡೌನಿನ ಗಾಢ ಕತ್ತಲೆಯಲ್ಲಿ ಮಹೇಶನ ನಿಶ್ಚೇತನ ದೇಹ ಭಯಾನಕವಾಗಿ ಬಿದ್ದಿತ್ತು." ತಿದ್ದಿದ ಮೇಲೆ: "ಮಹೇಶ ಚೀಲಗಳ ಮಧ್ಯೆ ಬಿದ್ದಿದ್ದ. ಒಂದು ಚಪ್ಪಲಿ ಕಾಲಲ್ಲೇ ಇತ್ತು. ಹಮಾಲಿಗಳು ಯಾರೂ ಒಳಗೆ ಬರಲಿಲ್ಲ." ಎರಡನೆಯದರಲ್ಲಿ ಹೆದರಿಸುವ ಪದ ಒಂದೂ ಇಲ್ಲ. ನನಗಂತೂ ಅದೇ ಹೆಚ್ಚು ಹೆದರಿಕೆ ತರುತ್ತದೆ.

ಬರೆದು ಮುಗಿಸಿ ಮೂರು ನಾಲ್ಕು ದಿನ ಬಿಟ್ಟು ತಿದ್ದೋಕೆ ಕೂರಿ. ಕೆಂಪು ಪೆನ್ ಹಿಡಿದು ಗಟ್ಟಿಯಾಗಿ ಓದಿ. ನಾಲಿಗೆ ಎಡವಿದಲ್ಲಿ ಗೆರೆ ಎಳೆಯಿರಿ. ನನ್ನದರಲ್ಲಿ ಹತ್ತರಲ್ಲಿ ಒಂದು ಪಾಲು ಹೋಯಿತು.

ಒಂಬತ್ತನೇ ಹೆಜ್ಜೆ: ಕಸುಬು ಗೊತ್ತಿದ್ದವರಿಗೆ ತೋರಿಸಿ

ಮೊದಮೊದಲ ಮೇಗ್ರೆ ಕಾದಂಬರಿಗಳಲ್ಲಿ ಪೊಲೀಸ್ ಕೆಲಸದ ವಿವರ ಸರಿ ಇರಲಿಲ್ಲ. ಅವು 1931ರಲ್ಲಿ ತಿಂಗಳಿಗೊಂದರಂತೆ ಹೊರಬಂದು ಹೆಸರಾದ ಮೇಲೆ ಪ್ಯಾರಿಸ್ ಪೊಲೀಸಿನ ಅಪರಾಧ ತನಿಖಾ ವಿಭಾಗದ ಮುಖ್ಯಸ್ಥ ಗ್ಸಾವಿಯೆ ಗಿಶಾರ್ ಸ್ವತಃ ಸಿಮೆನಾನ್‌ನನ್ನು ತಮ್ಮ ಕಚೇರಿಗೆ ಕರೆಸಿ, ನಿಜವಾದ ತನಿಖೆ ಹೇಗೆ ನಡೆಯುತ್ತದೆ ನೋಡು ಅಂತ ತೋರಿಸಿದರು. ಮೊದಲು ಮನುಷ್ಯರು, ಆಮೇಲೆ ವಿವರ. ಈ ಕ್ರಮ ನನಗೆ ಸರಿ ಅನಿಸುತ್ತದೆ. ಆದರೆ ವಿವರ ತಪ್ಪಾಗಿಯೇ ಅಚ್ಚಿಗೆ ಹೋಗಬಾರದು. ನಿಮ್ಮ ಕಥೆ ಯಾವ ಕಸುಬಿನ ಸುತ್ತ ಇದೆಯೋ ಆ ಕಸುಬಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರೊಬ್ಬರಿಗೆ ಓದೋಕೆ ಕೊಡಿ. ಸಾಹಿತ್ಯ ಹೇಗಿದೆ ಅಂತ ಅವರನ್ನು ಕೇಳಬೇಡಿ. ಎಲ್ಲಿ ತಪ್ಪಿದೆ ಅಂತ ಮಾತ್ರ ಕೇಳಿ.

ನಾನು ಅಪ್ಪನ ಜೊತೆ ಕೆಲಸ ಮಾಡಿದ್ದ ಒಬ್ಬ ಹಿರಿಯರಿಗೆ ಕೊಟ್ಟೆ. ಎಂಬತ್ತು ದಾಟಿದೆ, ಕನ್ನಡಕದ ಮೇಲೆ ಭೂತಕನ್ನಡಿ ಇಟ್ಟುಕೊಂಡು ಓದುತ್ತಾರೆ. ಒಂದು ವಾರ ಬಿಟ್ಟು ಹೋದೆ. ಮೂರನೇ ಅಧ್ಯಾಯದ ಒಂದು ಪುಟದಲ್ಲಿ ಬೆರಳಿಟ್ಟು ಕೂತಿದ್ದರು. ಅಲ್ಲಿ ತಮ್ಮ ಶಿವಣ್ಣ ಹಾಕಿದ ನಲವತ್ತು ಚೀಲ ಕೊಬ್ಬರಿಯ ಲೆಕ್ಕ ಇತ್ತು.

"ಖಾಲಿ ಚೀಲದ ತೂಕ ಕಳೆದೇ ಇಲ್ವಲ್ಲಪ್ಪ" ಅಂದರು. "ಚೀಲಕ್ಕೆ ಒಂದು ಕೆಜಿ ಹತ್ತಿರ ಬರುತ್ತೆ. ನಲವತ್ತು ಚೀಲಕ್ಕೆ ನೋಡು. ಮೂವತ್ತೊಂದು ವರ್ಷ ಲೆಕ್ಕ ಬರೆದೋನು ಇದನ್ನ ಮರೀತಾನಾ?"

ಅದು ನನ್ನ ತಪ್ಪು, ಕೂಡುವಾಗ ನಾನೇ ಮರೆತಿದ್ದೆ. ತಿದ್ದಿಕೊಳ್ಳುತ್ತೇನೆ ಅಂತ ಹೇಳಿ ಬಸ್ ಹತ್ತಿದೆ. ಕಿಬ್ಬನಹಳ್ಳಿ ದಾಟುವಷ್ಟರಲ್ಲಿ ಅವರ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಮರೀತಾನಾ? ಮರೆಯುವುದಿಲ್ಲ. ಹಾಗಾದರೆ ಬಸವಲಿಂಗಯ್ಯ ಬೇಕಂತಲೇ ಕಳೆದಿಲ್ಲ. ಚೀಲದ ತೂಕವೂ ಕೊಬ್ಬರಿಯ ತೂಕ ಅಂತ ಬರೆದರೆ ದುಡ್ಡು ಜಾಸ್ತಿ ಹೋಗುವುದು ತಮ್ಮನಿಗೆ. ಮಾತು ಬಿಟ್ಟ 1998ರಿಂದ ಪ್ರತಿ ಸಲವೂ, ಯಾರಿಗೂ ಹೇಳದೆ, ತಮ್ಮನಿಗೂ ಗೊತ್ತಾಗದ ಹಾಗೆ. ಮಹೇಶ ಕಂಪ್ಯೂಟರ್‌ಗೆ ಹಾಕಿಸುತ್ತಿದ್ದದ್ದು ಆ ಲೆಕ್ಕಗಳನ್ನೇ.

ತಿದ್ದುವಾಗ ಕಥೆ ಮುಟ್ಟಬಾರದು ಅನ್ನುವ ಸಿಮೆನಾನ್ ನಿಯಮವನ್ನು ಆ ಒಂದು ಸಲ ಮುರಿದೆ. ಮನೆಗೆ ಬಂದು ಲಕೋಟೆ ತೆಗೆದು, ಶಿವಣ್ಣನ ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ "40 ಚೀಲ" ಅಂತ ಬರೆದುಕೊಂಡು, ಮರುದಿನ ನಾಲ್ಕೂವರೆಗೆ ಮೂರನೇ ಅಧ್ಯಾಯದಿಂದ ಮತ್ತೆ ಶುರು ಮಾಡಿದೆ.